ಮಂಡಿಗೆ ವಿಎ ಕೊಟ್ಟ ರೇಟಿಂಗ್ ಕಡಿಮೆ ಅನಿಸಿದರೆ: ಅಪೀಲು ಹಾಕುವುದು ಹೇಗೆ

ಅಮೆರಿಕದ ಸೇನೆಯಲ್ಲಿದ್ದು ಮಂಡಿ ಹಾಳು ಮಾಡಿಕೊಂಡವರಿಗೆ ಅಲ್ಲಿನ ಮಾಜಿ ಸೈನಿಕರ ಇಲಾಖೆ ಪ್ರತಿ ತಿಂಗಳು ಪರಿಹಾರ ಕೊಡುತ್ತದೆ. ಆ ಇಲಾಖೆಯನ್ನು ಎಲ್ಲರೂ ವಿಎ ಅಂತಲೇ ಕರೆಯುತ್ತಾರೆ. ಅರ್ಜಿ ಹಾಕಿ, ತಿಂಗಳುಗಟ್ಟಲೆ ಕಾದ ಮೇಲೆ ಕೈಗೆ ಬರುವ ಕಾಗದದಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ನಿಮ್ಮ ಮಂಡಿ ತೊಂದರೆ ಸೇವೆಯಿಂದ ಬಂದದ್ದು ಹೌದು, ರೇಟಿಂಗ್ 10 ಪರ್ಸೆಂಟ್. ರೇಟಿಂಗ್ ಅಂದರೆ ತೊಂದರೆ ಎಷ್ಟು ತೀವ್ರ ಅಂತ ವಿಎ ಹಾಕುವ ಅಂಕಿ, ತಿಂಗಳ ಹಣ ಅದರ ಮೇಲೆ. ಕಂಬಿ ಹಿಡಿಯದೆ ಮೆಟ್ಟಿಲು ಹತ್ತಲಾಗದ ಮನುಷ್ಯನಿಗೆ ಈ 10 ನೋಡಿದರೆ ಸಿಟ್ಟು ಬರುತ್ತದೆ. ಬರಬೇಕಾದ್ದೇ. ಆದರೆ ಆ ಸಿಟ್ಟಿನಲ್ಲೇ ಕೂತು "ನನಗೆ ತುಂಬಾ ನೋವಿದೆ, ಜಾಸ್ತಿ ಕೊಡಿ" ಅಂತ ಬರೆದರೆ ಏನೂ ಆಗುವುದಿಲ್ಲ. ಮಂಡಿಯ ರೇಟಿಂಗ್ ನಿಂತಿರುವುದು ಪರೀಕ್ಷೆ ಮಾಡಿದವರು ಬರೆದ ವರದಿಯ ಮೇಲೆ. ಆ ವರದಿಯಲ್ಲಿ ಏನಿದೆ, ಏನು ಬಿಟ್ಟುಹೋಗಿದೆ ಅಂತ ಗೊತ್ತಾದರೆ ಅಪೀಲಿನ ಅರ್ಧ ಕೆಲಸ ಮುಗಿದಂತೆ.

ಕನ್ನಡದಲ್ಲಿ ಇದನ್ನು ಬರೆಯಲು ಕಾರಣವಿದೆ. ಅಮೆರಿಕದಲ್ಲೇ ಹುಟ್ಟಿ ಸೇನೆ ಸೇರಿದ ನಮ್ಮವರ ಮಕ್ಕಳಿದ್ದಾರೆ. 2008ರಲ್ಲಿ ಶುರುವಾಗಿ 2016ರಲ್ಲಿ ನಿಂತ ಮಾವ್ನಿ ಯೋಜನೆಯಲ್ಲಿ ಗ್ರೀನ್ ಕಾರ್ಡ್ ಇಲ್ಲದೆ ಸ್ಟೂಡೆಂಟ್ ವೀಸಾ, ಕೆಲಸದ ವೀಸಾದಲ್ಲಿದ್ದವರಿಗೂ ಸೇನೆ ಸೇರುವ ಅವಕಾಶ ಇತ್ತು. ಸೇವೆ ಮುಗಿಸಿ ಊರಿಗೆ ವಾಪಸು ಬಂದು ನೆಲೆಸಿದರೂ ಈ ಪರಿಹಾರ ನಿಲ್ಲುವುದಿಲ್ಲ. ಮನೆಯಲ್ಲಿ ಕಾಗದಪತ್ರ ನೋಡಿಕೊಳ್ಳುವವರು ಎಷ್ಟೋ ಸಲ ಹೆಂಡತಿ, ಗಂಡ ಅಥವಾ ಅಪ್ಪ ಅಮ್ಮ. ಅವರಿಗೂ ಅರ್ಥವಾಗಲಿ.

ಹಣದ ಲೆಕ್ಕ ಚುಟುಕಾಗಿ ಹೇಳಿಬಿಡುತ್ತೇನೆ. 2025ರ ದರದಲ್ಲಿ ಒಬ್ಬಂಟಿ ಮಾಜಿ ಸೈನಿಕರಿಗೆ 10 ಪರ್ಸೆಂಟಿಗೆ ತಿಂಗಳಿಗೆ 175.51 ಡಾಲರ್, 20ಕ್ಕೆ 346.95, 30ಕ್ಕೆ 537.42 ಸಿಗುತ್ತಿತ್ತು. ಈ ಹಣಕ್ಕೆ ಅಮೆರಿಕದಲ್ಲಿ ಆದಾಯ ತೆರಿಗೆ ಇಲ್ಲ. 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹೆಂಡತಿ ಮಕ್ಕಳ ಲೆಕ್ಕದಲ್ಲಿ ಇನ್ನಷ್ಟು ಸೇರುತ್ತದೆ. ದರ ಪ್ರತಿ ವರ್ಷ ಬದಲಾಗುತ್ತದೆ.

ಮೊದಲು ತಾರೀಖು ನೋಡಿ, ಆಮೇಲೆ ಕಾಗದ ಓದಿ

ತೀರ್ಮಾನದ ಪತ್ರದ ಮೇಲಿರುವ ತಾರೀಖಿನಿಂದ ಒಂದು ವರ್ಷ. ಇದೇ ನಿಮ್ಮ ಗಡುವು. ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಈ ವರ್ಷದೊಳಗೆ ಹೆಜ್ಜೆ ಇಟ್ಟರೆ, ಕೊನೆಗೆ ಗೆದ್ದಾಗ ಹಣ ಹಳೆಯ ತಾರೀಖಿನಿಂದಲೇ ಲೆಕ್ಕವಾಗುತ್ತದೆ. ಮೊದಲ ಅಪೀಲು ಸೋತರೂ, ಆ ಹೊಸ ತೀರ್ಮಾನದಿಂದ ಮತ್ತೆ ಒಂದು ವರ್ಷದೊಳಗೆ ಮುಂದಿನ ಹೆಜ್ಜೆ ಇಟ್ಟರೆ ಹಳೆಯ ತಾರೀಖು ಉಳಿಯುತ್ತದೆ. ನಡುವೆ ಗಡುವು ತಪ್ಪಿತೋ, ಹಿಂದಿನ ಬಾಕಿ ಹೋಯಿತು ಅಂತಲೇ ಲೆಕ್ಕ.

ಪತ್ರದಲ್ಲಿ ಎರಡು ಕಡೆ ಪೆನ್ಸಿಲ್ ಗೆರೆ ಎಳೆಯಿರಿ. ಒಂದು, ನಿಮ್ಮ ಪರವಾಗಿ ಒಪ್ಪಿಕೊಂಡ ಅಂಶಗಳು. ಇವನ್ನು ಪತ್ರದಲ್ಲಿ ಬೇರೆಯಾಗಿ ಪಟ್ಟಿ ಮಾಡಿರಬೇಕು. ಒಮ್ಮೆ ಒಪ್ಪಿದ ಮೇಲೆ ಮುಂದಿನ ಅಧಿಕಾರಿಯೂ ಅದಕ್ಕೆ ಬದ್ಧ. ಅದು ಕಣ್ಣಿಗೆ ಹೊಡೆಯುವ ತಪ್ಪು ಅಂತ ತೋರಿಸದ ಹೊರತು ತೆಗೆದುಹಾಕುವಂತಿಲ್ಲ. ಎರಡು, "ಇದಕ್ಕಿಂತ ಮೇಲಿನ ರೇಟಿಂಗ್ ಸಿಗಬೇಕಾದರೆ ಇಂಥದ್ದು ಇರಬೇಕು" ಅಂತ ಹೇಳುವ ಪ್ಯಾರಾ. ಬಹಳ ಜನ ಇದನ್ನು ಓದದೆ ಪುಟ ತಿರುಗಿಸುತ್ತಾರೆ. ನೀವು ಏನು ತೋರಿಸಬೇಕು ಅಂತ ವಿಎ ತಾನೇ ಬರೆದುಕೊಟ್ಟಿರುವ ಜಾಗ ಅದು!

ಆಮೇಲೆ ಪರೀಕ್ಷೆಯ ವರದಿ ತರಿಸಿಕೊಳ್ಳಿ. ಪತ್ರದ ಜೊತೆ ಅದು ಬರುವುದಿಲ್ಲ, ಕೇಳಿ ಪಡೆಯಬೇಕು. ಫಾರ್ಮ್ 20-10206 ತುಂಬಿ, ನಿಮ್ಮ ಪೂರ್ತಿ ಕ್ಲೇಮ್ ಫೈಲು ಕೊಡಿ ಅಂತ ಕೇಳಿ. ಸಿ-ಫೈಲ್ ಅನ್ನುವುದು ಅದನ್ನೇ. ಬರಲು ಸಮಯ ಹಿಡಿಯುತ್ತದೆ, ಹಾಗಾಗಿ ಪತ್ರ ಬಂದ ವಾರದಲ್ಲೇ ಕೇಳಿಬಿಡಿ. ಸಿ ಆಂಡ್ ಪಿ ಪರೀಕ್ಷೆ ಅಂತ ಕರೆಯುವ ಆ ಅರ್ಧ ಗಂಟೆಯ ತಪಾಸಣೆಯಲ್ಲಿ ಏನು ಬರೆದರು ಅಂತ ನೋಡದೆ ಅಪೀಲು ಹಾಕುವವರೇ ಜಾಸ್ತಿ. ನನ್ನ ಪ್ರಕಾರ ಅದು ಕಣ್ಣು ಕಟ್ಟಿಕೊಂಡು ನಡೆದ ಹಾಗೆ.

ಮಂಡಿಗೆ ರೇಟಿಂಗ್ ಎಲ್ಲಿಂದ ಬರುತ್ತದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮಂಡಿಗೆ ಒಂದೇ ರೇಟಿಂಗ್ ಇರಬೇಕು ಅಂತೇನೂ ಇಲ್ಲ. ಒಂದೇ ಮಂಡಿಯಲ್ಲಿ ಬೇರೆ ಬೇರೆ ತೊಂದರೆಗೆ ಬೇರೆ ಬೇರೆ ರೇಟಿಂಗ್ ಸಿಗಬಹುದು. 10 ಪರ್ಸೆಂಟಿಗೆ ನಿಂತುಹೋದ ಎಷ್ಟೋ ಪ್ರಕರಣಗಳಲ್ಲಿ ತಪ್ಪಿಹೋಗಿರುವುದು ಇದೇ.

ನಿಯಮಗಳು 38 ಸಿಎಫ್ಆರ್ ಅನ್ನುವ ನಿಯಮಾವಳಿಯ 4ನೇ ಭಾಗದಲ್ಲಿವೆ. ಪ್ರತಿ ತೊಂದರೆಗೂ ನಾಲ್ಕಂಕಿಯ ಒಂದು ಕೋಡ್ ಇದೆ.

ಮಡಚುವುದಕ್ಕೆ ಕೋಡ್ 5260. ಸರಿಯಿರುವ ಮಂಡಿ 140 ಡಿಗ್ರಿವರೆಗೆ ಮಡಚುತ್ತದೆ. 45 ಡಿಗ್ರಿಗೇ ನಿಂತರೆ 10 ಪರ್ಸೆಂಟ್, 30ಕ್ಕೆ ನಿಂತರೆ 20, 15ಕ್ಕೆ ನಿಂತರೆ 30. ನೋಡಿದಿರಾ, ಎಷ್ಟು ಬಿಗಿ ಅಂತ? 90 ಡಿಗ್ರಿ ಮಡಚುವವರಿಗೆ ಈ ಲೆಕ್ಕದಲ್ಲಿ ಏನೂ ಸಿಗುವುದಿಲ್ಲ. ಹಾಗಾದರೆ ನಿಮಗೆ ಆ 10 ಎಲ್ಲಿಂದ ಬಂತು? ಸಾಮಾನ್ಯವಾಗಿ 4.59 ಅನ್ನುವ ನಿಯಮದಿಂದ. ಅಲ್ಲಾಡಿಸುವಾಗ ಕೀಲು ನೋಯುತ್ತದೆ ಅಂತ ದಾಖಲಾದರೆ ಕನಿಷ್ಠ ರೇಟಿಂಗ್ ಕೊಡಬೇಕು ಅನ್ನುತ್ತದೆ ಅದು. ಅಂದರೆ ನಿಮ್ಮ 10 ಪರ್ಸೆಂಟ್ ನೋವಿಗಾಗಿ ಕೊಟ್ಟದ್ದು. ಮಿಕ್ಕ ತೊಂದರೆಗಳನ್ನು ಯಾರೂ ನೋಡಿಲ್ಲದೆ ಇರಬಹುದು.

ಕಾಲು ನೆಟ್ಟಗೆ ಚಾಚುವುದಕ್ಕೆ ಕೋಡ್ 5261. ಪೂರ್ತಿ ಚಾಚಿದರೆ 0 ಡಿಗ್ರಿ. 10 ಡಿಗ್ರಿ ಬಾಕಿ ಉಳಿದರೆ 10 ಪರ್ಸೆಂಟ್, 15 ಉಳಿದರೆ 20, 20 ಉಳಿದರೆ 30, 30 ಉಳಿದರೆ 40, 45 ಉಳಿದರೆ 50. ಇಲ್ಲಿ ಸಣ್ಣ ಕೊರತೆಗೂ ಬೆಲೆ ಇದೆ. ಮಡಚುವುದಕ್ಕೂ ಚಾಚುವುದಕ್ಕೂ ಎರಡರಲ್ಲೂ ತೊಂದರೆ ಇದ್ದರೆ ಎರಡಕ್ಕೂ ಬೇರೆ ಬೇರೆ ಕೊಡಬಹುದು ಅಂತ ವಿಎಯ ಮುಖ್ಯ ಕಾನೂನು ಸಲಹೆಗಾರರೇ 2004ರಲ್ಲಿ ಹೇಳಿದ್ದಾರೆ.

ಮಂಡಿ ಜಾರುವುದು, ಸಡಿಲವಾಗಿ ಕುಸಿಯುವುದು, ಇದಕ್ಕೆ ಕೋಡ್ 5257. ಇದರ ನಿಯಮ 2021ರ ಫೆಬ್ರವರಿ 7ರಿಂದ ಬದಲಾಗಿದೆ. ಮೊದಲು ಸ್ವಲ್ಪ, ಮಧ್ಯಮ, ತೀವ್ರ ಅಂತ ಅಂದಾಜಿನಲ್ಲಿ ಕೊಡುತ್ತಿದ್ದರು. ಈಗ ಎರಡು ಪ್ರಶ್ನೆ ಕೇಳುತ್ತಾರೆ: ಲಿಗಮೆಂಟಿಗೆ, ಅಂದರೆ ಮೂಳೆಗಳನ್ನು ಹಿಡಿದಿಡುವ ಗಟ್ಟಿ ಪಟ್ಟಿಗೆ, ಏನಾಗಿದೆ? ಡಾಕ್ಟರು ಬ್ರೇಸ್ (ಮಂಡಿಗೆ ಕಟ್ಟುವ ಆಸರೆ) ಅಥವಾ ಊರುಗೋಲು ಬರೆದುಕೊಟ್ಟಿದ್ದಾರಾ? ಲಿಗಮೆಂಟ್ ಉಳುಕಿ, ಅರ್ಧ ಹರಿದು ಅಥವಾ ಪೂರ್ತಿ ಹರಿದು ಮಂಡಿ ಸದಾ ಸಡಿಲ ಇದ್ದು, ಡಾಕ್ಟರ ಚೀಟಿ ಇಲ್ಲದಿದ್ದರೆ 10. ಉಳುಕಿದ್ದು, ಅರ್ಧ ಹರಿದದ್ದು ಅಥವಾ ಪೂರ್ತಿ ಹರಿದು ಆಪರೇಷನ್ ಮಾಡಿ ಸರಿಪಡಿಸಿದ್ದು ಆಗಿದ್ದು, ನಡೆಯಲು ಬ್ರೇಸೋ ಕೋಲೋ ಬೇಕು ಅಂತ ಚೀಟಿ ಇದ್ದರೆ 20. ಪೂರ್ತಿ ಹರಿದು ಸರಿಪಡಿಸದೆ ಇದ್ದರೆ ಅಥವಾ ಆಪರೇಷನ್ ಫಲಿಸದಿದ್ದರೆ, ಎರಡರಲ್ಲಿ ಒಂದಕ್ಕೆ ಚೀಟಿ ಇದ್ದಾಗ 20, ಎರಡಕ್ಕೂ ಚೀಟಿ ಇದ್ದಾಗ 30. ಮಂಡಿಚಿಪ್ಪು ಜಾರುವುದಕ್ಕೆ ಇದೇ ಕೋಡಿನಲ್ಲಿ ಬೇರೆ ಅಳತೆ ಇದೆ.

ಚೀಟಿ ಅನ್ನುವ ಮಾತನ್ನು ಮತ್ತೆ ಓದಿ. ಅಂಗಡಿಯಿಂದಲೋ ಅಮೆಜಾನಿನಿಂದಲೋ ತಂದ ಬ್ರೇಸನ್ನು ವರ್ಷಗಟ್ಟಲೆ ಕಟ್ಟಿಕೊಂಡು ಓಡಾಡಿದರೂ ಈ ಲೆಕ್ಕಕ್ಕೆ ಬರುವುದಿಲ್ಲ. ಡಾಕ್ಟರ ದಾಖಲೆಯಲ್ಲಿ "ನಡೆಯಲು ಬ್ರೇಸ್ ಬೇಕು" ಅಂತ ಇರಬೇಕು. ಮುಂದಿನ ಸಲ ಹೋದಾಗ ನಿಮ್ಮ ಮಂಡಿ ಹೇಗೆ ಕುಸಿಯುತ್ತದೆ ಅಂತ ವಿವರವಾಗಿ ಹೇಳಿ. ಬೇಕು ಅಂತ ಅವರಿಗೆ ಅನಿಸಿದರೆ ಬರೆದುಕೊಡಲಿ.

ಮೆನಿಸ್ಕಸ್ ಅಂದರೆ ಮೂಳೆಗಳ ನಡುವಿನ ಮೆತ್ತನೆ ಮೃದು ಎಲುಬು. ಅದು ಸ್ಥಾನ ತಪ್ಪಿ, ಪದೇ ಪದೇ ಮಂಡಿ ಲಾಕ್ ಆಗಿ, ನೋವಿದ್ದು, ನೀರು ತುಂಬಿದರೆ ಕೋಡ್ 5258, 20 ಪರ್ಸೆಂಟ್. ತೆಗೆದುಹಾಕಿದ ಮೇಲೂ ತೊಂದರೆ ಉಳಿದರೆ 5259, 10 ಪರ್ಸೆಂಟ್. 2017ರ ಲೈಲ್ಸ್ ಪ್ರಕರಣದಲ್ಲಿ ಮಾಜಿ ಸೈನಿಕರ ಮೇಲ್ಮನವಿ ನ್ಯಾಯಾಲಯ ಒಂದು ಮಾತು ಸ್ಪಷ್ಟ ಮಾಡಿತು: ಮಂಡಿ ಸಡಿಲಕ್ಕೋ ಚಾಚುವ ಕೊರತೆಗೋ ರೇಟಿಂಗ್ ಇದೆ ಅನ್ನುವ ಒಂದೇ ಕಾರಣಕ್ಕೆ ಮೆನಿಸ್ಕಸ್ಸಿನದ್ದನ್ನು ಬೇಡ ಅನ್ನುವಂತಿಲ್ಲ. ಬೇರೆ ಲಕ್ಷಣ ಇದ್ದರೆ ಬೇರೆ ರೇಟಿಂಗ್.

ಮಿತಿ ಇರುವುದು ಅಲ್ಲೇ. ಒಂದೇ ಲಕ್ಷಣಕ್ಕೆ ಎರಡು ಸಲ ಹಣ ಕೊಡುವುದಿಲ್ಲ. ನೋವಿಗೆ ಒಮ್ಮೆ ಕೊಟ್ಟಾಗಿದ್ದರೆ, ಅದೇ ನೋವು ತೋರಿಸಿ ಇನ್ನೊಂದು ಕೋಡಿನಲ್ಲಿ ಕೇಳಿದರೆ ಆಗದು. ಹಾಗಾಗಿ ಅಪೀಲು ಬರೆಯುವಾಗ ಲಕ್ಷಣಗಳನ್ನು ಬಿಡಿಬಿಡಿಯಾಗಿ ಇಡಿ: ಇದು ನೋವು, ಇದು ಕುಸಿಯುವುದು, ಇದು ಲಾಕ್ ಆಗುವುದು.

ಮಂಡಿ ಬದಲಾಯಿಸಿಕೊಂಡವರಿಗೆ ಕೋಡ್ 5055. ಆಪರೇಷನ್ ಆದ ಮೊದಲ ತಿಂಗಳು ಚೇತರಿಕೆಯ ನಿಯಮದಲ್ಲಿ, ಆಮೇಲೆ 4 ತಿಂಗಳು ಈ ಕೋಡಿನಲ್ಲಿ 100 ಪರ್ಸೆಂಟ್. 2021ಕ್ಕಿಂತ ಮೊದಲು ಇದು ಒಂದು ವರ್ಷ ಇತ್ತು, ಹಳೆಯ ಸ್ನೇಹಿತರ ಮಾತು ಕೇಳಿ ಗೊಂದಲವಾಗಬೇಡಿ. ಅದಾದ ಮೇಲೆ ಕನಿಷ್ಠ 30. ತೀವ್ರ ನೋವು ಅಥವಾ ಬಲಹೀನತೆ ಉಳಿದುಬಿಟ್ಟಿದ್ದರೆ 60.

ವರದಿಯಲ್ಲಿ ಹುಡುಕಬೇಕಾದ ಬಿರುಕುಗಳು

ಈಗ ಸಿ ಆಂಡ್ ಪಿ ವರದಿ ಮುಂದೆ ಇಟ್ಟುಕೊಳ್ಳಿ. ನೋವು ಎಷ್ಟನೇ ಡಿಗ್ರಿಯಲ್ಲಿ ಶುರುವಾಯಿತು ಅಂತ ಬರೆದಿದ್ದಾರಾ? ಕೋನ ಅಳೆಯುವ ಗೋನಿಯೋಮೀಟರ್ ಬಳಸಿದರಾ, ಕಣ್ಣಂದಾಜಿನಲ್ಲಿ ಬರೆದರಾ? ಉಪಕರಣ ಬಳಸಲೇಬೇಕು ಅಂತ ನಿಯಮವಿದೆ. ಅವರು ಏನು ಮಾಡಿದರು ಅನ್ನುವುದು ನಿಮಗೆ ನೆನಪಿರುತ್ತದೆ.

2016ರ ಕೊರಿಯಾ (ಇದು ಅರ್ಜಿದಾರರ ಹೆಸರು, ದೇಶವಲ್ಲ) ತೀರ್ಪಿನ ಪ್ರಕಾರ ಕೀಲನ್ನು ನಾಲ್ಕು ರೀತಿ ಪರೀಕ್ಷಿಸಬೇಕು. ನೀವೇ ಅಲ್ಲಾಡಿಸಿದಾಗ, ಅವರು ಹಿಡಿದು ಅಲ್ಲಾಡಿಸಿದಾಗ, ಕಾಲಿನ ಮೇಲೆ ಭಾರ ಹಾಕಿ ನಿಂತಾಗ, ಭಾರವಿಲ್ಲದಾಗ. ಸಾಧ್ಯವಾದರೆ ಸರಿಯಿರುವ ಇನ್ನೊಂದು ಮಂಡಿಯ ಜೊತೆ ಹೋಲಿಸಬೇಕು. ಇವುಗಳಲ್ಲಿ ಒಂದನ್ನು ಕಾರಣ ಕೊಡದೆ ಬಿಟ್ಟಿದ್ದರೆ ವರದಿ ಅಪೂರ್ಣ.

ಇನ್ನೊಂದು ಬಿರುಕು ಇದಕ್ಕಿಂತ ದೊಡ್ಡದು. ಮಂಡಿ ನೋವು ದಿನಾ ಒಂದೇ ತರ ಇರುವುದಿಲ್ಲ, ಅಲ್ವಾ? ಕೆಲವು ದಿನ ಊದಿಕೊಂಡು ಹಾಸಿಗೆಯಿಂದ ಏಳಲೂ ಆಗುವುದಿಲ್ಲ. ಪರೀಕ್ಷೆಗೆ ಹೋದ ದಿನ ಚೆನ್ನಾಗಿಯೇ ಇರಬಹುದು. 1995ರ ಡೆಲೂಕಾ ತೀರ್ಪಿನಿಂದ ಈಚೆಗೆ, ಇಂಥ ಕೆಟ್ಟ ದಿನಗಳಲ್ಲಿ ಮತ್ತು ಮತ್ತೆ ಮತ್ತೆ ಬಳಸಿದ ಮೇಲೆ ಎಷ್ಟು ಚಲನೆ ಕಳೆದುಹೋಗುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. "ನನ್ನ ಎದುರಿಗೆ ನೋವು ಉಲ್ಬಣಿಸಲಿಲ್ಲ, ಹಾಗಾಗಿ ಊಹಿಸಿ ಹೇಳಲಾರೆ" ಅಂತ ಎಷ್ಟೋ ವರದಿಗಳಲ್ಲಿ ಬರೆದುಬಿಡುತ್ತಿದ್ದರು. 2017ರ ಶಾರ್ಪ್ ತೀರ್ಪು ಅದಕ್ಕೆ ತಡೆ ಹಾಕಿತು. ಉಲ್ಬಣ ಎಷ್ಟು ಸಲ, ಎಷ್ಟು ಹೊತ್ತು, ಏನು ಮಾಡಲು ಆಗುವುದಿಲ್ಲ ಅಂತ ನಿಮ್ಮನ್ನು ಕೇಳಿ, ಫೈಲು ನೋಡಿ, ಡಿಗ್ರಿಯಲ್ಲಿ ಅಂದಾಜು ಕೊಡಲು ಪ್ರಯತ್ನಿಸಬೇಕು. ಆಗದಿದ್ದರೆ ಯಾಕೆ ಆಗದು ಅಂತ ಸರಿಯಾದ ಕಾರಣ ಬರೆಯಬೇಕು. ನಿಮ್ಮ ವರದಿಯಲ್ಲಿ ಆ ಒಂದು ಸಾಲಿನ ಜಾರಿಕೊಳ್ಳುವ ಉತ್ತರ ಇದ್ದರೆ, ಅಪೀಲಿನ ಮೊದಲ ಪುಟದಲ್ಲೇ ಅದನ್ನು ಎತ್ತಿ ತೋರಿಸಿ.

ಮೂರು ದಾರಿ, ಯಾವುದು ನಿಮ್ಮದು

2017ರಲ್ಲಿ ಕಾನೂನು ಬದಲಾಯಿತು, 2019ರ ಫೆಬ್ರವರಿ 19ರಿಂದ ಜಾರಿಗೆ ಬಂತು. ಅಂದಿನಿಂದ ಮೂರು ದಾರಿ ಇವೆ. ಮೂರಕ್ಕೂ ವಿಎ ವೆಬ್‌ಸೈಟಿನಲ್ಲೇ ಅರ್ಜಿ ಹಾಕಬಹುದು.

ಹೊಸ ಸಾಕ್ಷ್ಯ ಕೈಯಲ್ಲಿದ್ದರೆ ಸಪ್ಲಿಮೆಂಟಲ್ ಕ್ಲೇಮ್, ಫಾರ್ಮ್ 20-0995. ಸಾಕ್ಷ್ಯ ಹೊಸದಾಗಿರಬೇಕು, ವಿಷಯಕ್ಕೆ ಸಂಬಂಧಪಟ್ಟಿರಬೇಕು, ಅಷ್ಟೇ. ಡಾಕ್ಟರ ಹೊಸ ಅಳತೆ, ಎಂಆರ್‌ಐ, ಬ್ರೇಸಿನ ಚೀಟಿ, ಮನೆಯವರ ಹೇಳಿಕೆ, ಯಾವುದಾದರೂ ಆದೀತು.

ಸಾಕ್ಷ್ಯ ಎಲ್ಲಾ ಫೈಲಿನಲ್ಲೇ ಇದೆ, ನೋಡಿದವರು ತಪ್ಪು ಮಾಡಿದ್ದಾರೆ ಅನಿಸಿದರೆ ಹೈಯರ್ ಲೆವೆಲ್ ರಿವ್ಯೂ, ಫಾರ್ಮ್ 20-0996. ಹಿರಿಯ ಅಧಿಕಾರಿ ಹೊಸದಾಗಿ ನೋಡುತ್ತಾರೆ. ಹೊಸ ಕಾಗದ ಒಂದೂ ಸೇರಿಸುವಂತಿಲ್ಲ. ಫಾರ್ಮಿನಲ್ಲಿ ಇನ್‌ಫಾರ್ಮಲ್ ಕಾನ್ಫರೆನ್ಸ್ ಅನ್ನುವ ಚೌಕಕ್ಕೆ ಟಿಕ್ ಹಾಕಿದರೆ ಆ ಅಧಿಕಾರಿ ಒಮ್ಮೆ ಫೋನ್ ಮಾಡುತ್ತಾರೆ. ಆಗ ಕಥೆ ಹೇಳಬೇಡಿ. "ವರದಿಯ ಇಂಥ ಪುಟದಲ್ಲಿ ಮಂಡಿ ಸಡಿಲ ಅಂತ ಪರೀಕ್ಷೆಯಲ್ಲೇ ಬಂದಿದೆ, ಇಂಥ ತಾರೀಖಿನ ಚಿಕಿತ್ಸಾ ದಾಖಲೆಯಲ್ಲಿ ಬ್ರೇಸ್ ಬರೆದಿದ್ದಾರೆ, ಆದರೆ 5257ರ ಬಗ್ಗೆ ತೀರ್ಮಾನದಲ್ಲಿ ಒಂದು ಮಾತೂ ಇಲ್ಲ" ಅಂತ ಪುಟ ಸಂಖ್ಯೆ ಸಮೇತ ಹೇಳಿ. ಪರೀಕ್ಷೆಯೇ ಸರಿಯಾಗಿ ಆಗಿಲ್ಲ ಅಂತ ಅವರಿಗೆ ಮನದಟ್ಟಾದರೆ ಹೊಸ ಪರೀಕ್ಷೆಗೆ ವಾಪಸು ಕಳಿಸುತ್ತಾರೆ. ಒಂದೇ ವಿಷಯಕ್ಕೆ ಸಾಲಾಗಿ ಎರಡು ಸಲ ಈ ದಾರಿ ಹಿಡಿಯಲು ಬರುವುದಿಲ್ಲ.

ಮೂರನೆಯದು ಬೋರ್ಡ್, ಅಂದರೆ ವಿಎಯ ಮೇಲ್ಮನವಿ ಮಂಡಳಿ, ಫಾರ್ಮ್ 10182. ಅಲ್ಲಿ ತೀರ್ಮಾನ ಕೊಡುವವರು ನ್ಯಾಯಾಧೀಶರು. ಇದ್ದ ಫೈಲಿನ ಮೇಲೆ ತೀರ್ಪು, 90 ದಿನದೊಳಗೆ ಹೊಸ ಸಾಕ್ಷ್ಯ ಸಲ್ಲಿಸುವುದು, ಅಥವಾ ವಿಚಾರಣೆ, ಈ ಮೂರರಲ್ಲಿ ಒಂದನ್ನು ಆರಿಸಬೇಕು. ವಿಚಾರಣೆ ಮನೆಯಿಂದಲೇ ವಿಡಿಯೋದಲ್ಲಿ ಆಗಬಹುದು. ಮೊದಲ ಎರಡು ದಾರಿಗೆ ಸರಾಸರಿ ನಾಲ್ಕೈದು ತಿಂಗಳ ಗುರಿ ಇದ್ದರೆ, ಬೋರ್ಡಿನಲ್ಲಿ ವರ್ಷ, ವರ್ಷಗಳ ಮಾತು.

ನನ್ನನ್ನು ಕೇಳಿದರೆ ಮಂಡಿ ರೇಟಿಂಗಿಗೆ ಸೀದಾ ಬೋರ್ಡಿಗೆ ಓಡುವ ಅಗತ್ಯ ಸಾಮಾನ್ಯವಾಗಿ ಇಲ್ಲ. ವರದಿಯ ಅಂಕಿಗಳು ಈಗಾಗಲೇ ಮೇಲಿನ ರೇಟಿಂಗಿಗೆ ಸಾಕಾಗುವಂತಿದ್ದರೆ ಹೈಯರ್ ಲೆವೆಲ್. ಅಂಕಿಗಳೇ ಕಮ್ಮಿ ಬಂದಿದ್ದರೆ, ನಿಮ್ಮದೇ ಮೂಳೆ ಡಾಕ್ಟರ ಹತ್ತಿರ ಅಳತೆ ಮಾಡಿಸಿ ಸಪ್ಲಿಮೆಂಟಲ್. ನಿಯಮದ ಅರ್ಥದ ಬಗ್ಗೆಯೇ ಜಗಳ ಇದ್ದು ಕೆಳಗಿನವರು ಒಪ್ಪುತ್ತಿಲ್ಲ ಅಂದಾಗ ಬೋರ್ಡ್ ಸರಿ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ತೀರ್ಮಾನ ಬಂದಾಗ ಅದು ಸರಿಯಾಗಿಯೇ ಇತ್ತು, ಆಮೇಲೆ ಮಂಡಿ ಹದಗೆಟ್ಟಿತು ಅಂದರೆ ಅದು ಅಪೀಲಲ್ಲ. ರೇಟಿಂಗ್ ಹೆಚ್ಚಿಸಿ ಅಂತ ಹೊಸ ಅರ್ಜಿ, ಫಾರ್ಮ್ 21-526ಇಝಡ್. ಒಂದು ಮಂಡಿ ಎಳೆದು ನಡೆದು ಇನ್ನೊಂದು ಮಂಡಿಯೋ ಸೊಂಟವೋ ಬೆನ್ನೋ ಕೆಟ್ಟಿದ್ದರೆ ಅದಕ್ಕೂ ಇದೇ ಫಾರ್ಮಿನಲ್ಲಿ ಬೇರೆ ಕ್ಲೇಮ್ ಹಾಕಬೇಕು, ಜೊತೆಗೆ ಎರಡಕ್ಕೂ ಸಂಬಂಧವಿದೆ ಅನ್ನುವ ಡಾಕ್ಟರ ಅಭಿಪ್ರಾಯ ಬೇಕು.

ಸಾಕ್ಷ್ಯ ಕೂಡಿಸುವುದು

ಡಿಬಿಕ್ಯೂ ಅನ್ನುವ ಪ್ರಶ್ನಾವಳಿ ವಿಎ ವೆಬ್‌ಸೈಟಿನಲ್ಲಿ ಸಿಗುತ್ತದೆ, ಮಂಡಿಗೆ ಬೇರೆಯೇ ಇದೆ. ಖಾಸಗಿ ಡಾಕ್ಟರೂ ತುಂಬಬಹುದು. "ರೋಗಿಗೆ ತೀವ್ರ ನೋವಿದೆ" ಅನ್ನುವ ಪತ್ರಕ್ಕಿಂತ ಡಿಗ್ರಿ ಬರೆದ ಡಿಬಿಕ್ಯೂ ಎಷ್ಟೋ ಮೇಲು. ಅಂಥ ಡಾಕ್ಟರು ಸಿಗದಿದ್ದರೆ ಫಿಸಿಯೋಥೆರಪಿ ದಾಖಲೆ ತೆಗೆಸಿ ನೋಡಿ. ಅವರು ಮಂಡಿ ಎಷ್ಟು ಮಡಚಿತು ಅಂತ ಅಳೆದು ಬರೆದಿಡುತ್ತಾರೆ. ಯಾರೂ ನೆನಪಿಸಿಕೊಳ್ಳದ ಒಳ್ಳೆಯ ಸಾಕ್ಷ್ಯ ಅದು.

ಜೊತೆಯಲ್ಲಿರುವವರ ಹೇಳಿಕೆಗೆ ಫಾರ್ಮ್ 21-10210. ಇದನ್ನು ಹಗುರವಾಗಿ ನೋಡಬೇಡಿ. "ನನ್ನ ಗಂಡ ಕಷ್ಟಪಡುತ್ತಾರೆ" ಅಂತ ಬರೆದರೆ ಸುಮ್ನೆ ಒಂದು ಸಾಲು. "ಪೂಜೆಗೆ ನೆಲದ ಮೇಲೆ ಕೂರುವುದನ್ನು ಬಿಟ್ಟಿದ್ದಾರೆ, ತಿಂಗಳಿಗೆ ಎರಡು ಮೂರು ಸಲ ಮಂಡಿ ಊದಿ ಎರಡು ದಿನ ಮಹಡಿ ಹತ್ತುವುದಿಲ್ಲ, ಆ ದಿನಗಳಲ್ಲಿ ಕಾಲು ಕುರ್ಚಿಯ ಕೆಳಕ್ಕೆ ಮಡಚಲು ಆಗುವುದಿಲ್ಲ" ಅಂತ ಬರೆದರೆ ಅದು ಶಾರ್ಪ್ ತೀರ್ಪು ಕೇಳುವ ಮೂರೂ ಪ್ರಶ್ನೆಗೆ ಉತ್ತರ. ಅಮ್ಮನೋ ಅಪ್ಪನೋ ಕಣ್ಣಾರೆ ಕಂಡಿದ್ದರೆ ಅವರೂ ಬರೆಯಬಹುದು. ಕನ್ನಡದಲ್ಲಿ ಬರೆದರೆ ಇಂಗ್ಲಿಷ್ ಅನುವಾದ ಜೊತೆಗಿಡಿ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ತೋರಿಸಿಕೊಂಡ ಚೀಟಿ, ಸ್ಕ್ಯಾನ್ ವರದಿ ಇದ್ದರೆ ಅವೂ ಸಾಕ್ಷ್ಯವೇ. ಎಸೆಯಬೇಡಿ.

ಮತ್ತೆ ಪರೀಕ್ಷೆಗೆ ಕರೆದರೆ

ತಪ್ಪಿಸಬೇಡಿ. ಬರಲು ಆಗದಿದ್ದರೆ ಮುಂಚೆಯೇ ಫೋನ್ ಮಾಡಿ ಬೇರೆ ದಿನ ಕೇಳಿ. ಸರಿಯಾದ ಕಾರಣವಿಲ್ಲದೆ ಗೈರಾದರೆ ಅರ್ಜಿಯೇ ಬಿದ್ದುಹೋಗಬಹುದು.

ನಮ್ಮ ಕಡೆಯವರಿಗೆ ಒಂದು ಅಭ್ಯಾಸ. ಡಾಕ್ಟರು ಹೇಗಿದ್ದೀರಿ ಅಂದರೆ ಪರವಾಗಿಲ್ಲ ಅನ್ನುವುದು, ಹಲ್ಲು ಕಚ್ಚಿ ಪೂರ್ತಿ ಮಡಚಿ ತೋರಿಸುವುದು. ಸೇನೆಯಲ್ಲಿದ್ದವರಿಗಂತೂ ಇದು ಇನ್ನೂ ಜಾಸ್ತಿ. ಆ ಕೋಣೆಯಲ್ಲಿ ಇದನ್ನು ಬಿಡಿ. ನೋವು ಶುರುವಾದ ಕ್ಷಣಕ್ಕೇ "ಇಲ್ಲಿ ನೋಯುತ್ತಿದೆ" ಅಂತ ಬಾಯಿಬಿಟ್ಟು ಹೇಳಿ. ಕೆಟ್ಟ ದಿನಗಳ ಬಗ್ಗೆ ಅವರು ಕೇಳದಿದ್ದರೂ ನೀವೇ ಹೇಳಿ. ಬ್ರೇಸ್ ಮತ್ತು ಚೀಟಿ ತೆಗೆದುಕೊಂಡು ಹೋಗಿ. ಹಾಗಂತ ನಾಟಕ ಬೇಡ. ಕುರ್ಚಿಯಿಂದ ಹೇಗೆ ಎದ್ದಿರಿ, ಕಾರಿನಿಂದ ಹೇಗೆ ಇಳಿದಿರಿ ಅನ್ನುವುದೂ ಅವರ ಕಣ್ಣಿಗೆ ಬೀಳುತ್ತದೆ. ಒಂದು ಸುಳ್ಳು ಸಿಕ್ಕಿಬಿದ್ದರೆ ಹತ್ತು ನಿಜ ಹೋಗುತ್ತದೆ. ಮನೆಗೆ ಬಂದ ಕೂಡಲೇ ಏನೇನು ಅಳೆದರು, ಏನು ಕೇಳಲಿಲ್ಲ ಅಂತ ಬರೆದಿಡಿ.

ಅಪಾಯವೂ ಇದೆ. ಹೊಸ ಪರೀಕ್ಷೆಯಲ್ಲಿ ಮಂಡಿ ಸುಧಾರಿಸಿದೆ ಅಂತ ಬಂದರೆ ರೇಟಿಂಗ್ ಇಳಿಸಲು ವಿಎ ಹೊರಡಬಹುದು. ಹಣ ಕಡಿಮೆಯಾಗುವಂತಿದ್ದರೆ ಮೊದಲು ಪ್ರಸ್ತಾವದ ಪತ್ರ ಕಳಿಸಬೇಕು. ಸಾಕ್ಷ್ಯ ಕೊಡಲು 60 ದಿನ, ವಿಚಾರಣೆ ಕೇಳಲು 30 ದಿನ ಸಿಗುತ್ತದೆ. ಐದು ವರ್ಷ ಅಥವಾ ಮೇಲ್ಪಟ್ಟು ನಿಂತಿರುವ ರೇಟಿಂಗನ್ನು ಒಂದೇ ಪರೀಕ್ಷೆಯ ಮೇಲೆ ಸುಲಭವಾಗಿ ಇಳಿಸಲಾಗದು. 20 ವರ್ಷ ದಾಟಿದ್ದನ್ನು, ಮೋಸ ಇಲ್ಲದಿದ್ದರೆ, ಆ ಮಟ್ಟಕ್ಕಿಂತ ಕೆಳಗೆ ಇಳಿಸುವಂತಿಲ್ಲ. 5257ರ ಹೊಸ ನಿಯಮ ಬಂತು ಅನ್ನುವ ಒಂದೇ ಕಾರಣಕ್ಕೂ ಹಳೆಯ ರೇಟಿಂಗ್ ಇಳಿಸಲು ಬರುವುದಿಲ್ಲ.

ಯಾರ ಸಹಾಯ, ಎಷ್ಟು ಹಣ

ಡಿಎವಿ, ಅಮೆರಿಕನ್ ಲೀಜನ್, ವಿಎಫ್‌ಡಬ್ಲ್ಯೂ ಇಂಥ ಮಾಜಿ ಸೈನಿಕರ ಸಂಘಗಳ ಪ್ರತಿನಿಧಿಗಳು ಒಂದು ಪೈಸೆ ತೆಗೆದುಕೊಳ್ಳದೆ ಕೆಲಸ ಮಾಡಿಕೊಡುತ್ತಾರೆ. ಅವರನ್ನು ನೇಮಿಸಲು ಫಾರ್ಮ್ 21-22, ವಕೀಲರಿಗೆ 21-22ಎ. ವಕೀಲರು ಮೊದಲ ತೀರ್ಮಾನ ಬಂದ ಮೇಲಷ್ಟೇ ಶುಲ್ಕ ಕೇಳಬಹುದು. ಹಿಂದಿನ ಬಾಕಿಯ 20 ಪರ್ಸೆಂಟ್ ನ್ಯಾಯವಾದ ಶುಲ್ಕ ಅಂತ ನಿಯಮ ಭಾವಿಸುತ್ತದೆ, ಮೂರನೇ ಒಂದು ಭಾಗಕ್ಕಿಂತ ಹೆಚ್ಚಾದರೆ ಅನ್ಯಾಯ ಅಂತ. ಯಾರೇ ಆಗಲಿ, ವಿಎ ಮಾನ್ಯತೆ ಇದೆಯಾ ಅಂತ ಅದರ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಿ. ಮಾನ್ಯತೆ ಇಲ್ಲದೆ, "ಹೆಚ್ಚಾದ ತಿಂಗಳ ಹಣದ ಐದಾರು ಪಟ್ಟು ಕೊಡಿ" ಅಂತ ಒಪ್ಪಂದಕ್ಕೆ ಸಹಿ ಕೇಳುವವರಿದ್ದಾರೆ. ಅವರ ಬಾಗಿಲಿಗೂ ಹೋಗಬೇಡಿ.

ಹೊಸ ತೀರ್ಮಾನ ಬಂದಾಗ ಲೆಕ್ಕ ಹಾಕಿ ನೋಡಿ

ವಿಎ ರೇಟಿಂಗುಗಳನ್ನು ನೇರವಾಗಿ ಕೂಡಿಸುವುದಿಲ್ಲ. ಬಲ ಮಂಡಿಗೆ 30, ಎಡ ಮಂಡಿಗೆ 20 ಇದ್ದರೆ 50 ಅಲ್ಲ. 100ರಲ್ಲಿ 30 ಕಳೆದರೆ ಉಳಿಯುವುದು 70, ಅದರ 20 ಪರ್ಸೆಂಟ್ 14, ಒಟ್ಟು 44. ಇಷ್ಟಕ್ಕೇ ನಿಲ್ಲಿಸಿದರೆ ಹತ್ತಿರದ ಹತ್ತಕ್ಕೆ ತಂದು 40. ಆದರೆ ಎರಡೂ ಕಾಲಿಗೆ ತೊಂದರೆ ಇದ್ದಾಗ ಬೈಲ್ಯಾಟರಲ್ ಫ್ಯಾಕ್ಟರ್ ಸೇರಬೇಕು: 44ರ ಹತ್ತನೇ ಒಂದು ಭಾಗ 4.4, ಒಟ್ಟು 48.4, ಅಂದರೆ 50. ಇದು ಸೇರಿದೆಯಾ ಅಂತ ಕೋಡ್ ಶೀಟಿನಲ್ಲಿ ನೋಡಿ. ಸಿ-ಫೈಲಿನಲ್ಲಿ ಆ ಹಾಳೆ ಇರುತ್ತದೆ. ಮಂಡಿಯಿಂದಾಗಿ ಕೆಲಸವನ್ನೇ ಬಿಡಬೇಕಾಗಿದ್ದರೆ ಫಾರ್ಮ್ 21-8940 ಹಾಕಿ, 100 ಪರ್ಸೆಂಟಿನ ದರ ಕೇಳಬಹುದು. ಅದಕ್ಕೆ ಸಾಮಾನ್ಯವಾಗಿ ಒಂದೇ ತೊಂದರೆಗೆ 60 ಇರಬೇಕು, ಇಲ್ಲವೇ ಒಂದಕ್ಕೆ 40 ಇದ್ದು ಒಟ್ಟು 70 ಆಗಿರಬೇಕು. ಎರಡೂ ಕಾಲಿನ ತೊಂದರೆಯನ್ನು ಇಲ್ಲಿ ಒಂದೇ ಅಂತ ಲೆಕ್ಕ ಹಿಡಿಯುತ್ತಾರೆ.

ಕೊನೆಗೆ, ಹಣ ಯಾವ ತಾರೀಖಿನಿಂದ ಅಂತ ಪತ್ರದಲ್ಲಿ ನೋಡಿ. ರೇಟಿಂಗ್ ಹೆಚ್ಚಿಸಿ ಅಂತ ಅರ್ಜಿ ಹಾಕಿದ್ದ ಪ್ರಕರಣದಲ್ಲಿ, ಅರ್ಜಿಗೆ ಮುಂಚಿನ ಒಂದು ವರ್ಷದೊಳಗೆ ಮಂಡಿ ಹದಗೆಟ್ಟದ್ದು ದಾಖಲೆಯಲ್ಲಿ ಕಾಣುತ್ತಿದ್ದರೆ ಆ ದಿನದಿಂದಲೇ ಹಣ ಕೇಳಬಹುದು. ರೇಟಿಂಗ್ ಸರಿ, ತಾರೀಖು ಮಾತ್ರ ತಪ್ಪು ಅಂದರೆ ತಾರೀಖಿಗಾಗಿಯೇ ಅಪೀಲು ಹಾಕಬಹುದು, ಅದೇ ಒಂದು ವರ್ಷದ ಗಡುವಿನಲ್ಲಿ. ಬೋರ್ಡಿನ ತೀರ್ಪೇ ಒಪ್ಪಿಗೆಯಾಗದಿದ್ದರೆ ವಾಷಿಂಗ್ಟನ್ನಿನ ಮಾಜಿ ಸೈನಿಕರ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಬಹುದು. ಅಲ್ಲಿ ಒಂದು ವರ್ಷ ಸಿಗುವುದಿಲ್ಲ, 120 ದಿನ ಮಾತ್ರ. ಅಷ್ಟರೊಳಗೆ ವಕೀಲರನ್ನು ಹುಡುಕಿಕೊಳ್ಳಿ.